ಪಂಡಿತಾ ರಮಾಬಾಯಿಯವರ ಚರಿತ್ರೆ

ಹಿರಿಯೂರು ಹೊಸದುರ್ಗ ಕಡೆಯ ಸಭೆಗಳವರಿಗೆ ಭದ್ರಾ ನದಿಯ ಹೆಸರು ಈಚೆಗೆ ಮನೆಮಾತಾಗಿರುತ್ತದೆ. ಆ ನದಿಯ ನೀರನ್ನು ಎತ್ತಿ 2019ರಿಂದ ವಾಣಿವಿಲಾಸ ಸಾಗರಕ್ಕೆ ಹರಿಸಿದ್ದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಆ ಭದ್ರೆಯು ಹುಟ್ಟುವ ಗಂಗಾಮೂಲದ ಕಾಡಿನಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಹೆಣ್ಣುಕೂಸು ಹುಟ್ಟಿತು. ಪಂಡಿತಾ ರಮಾಬಾಯಿಯೆಂದು ಲೋಕಪ್ರಸಿದ್ಧರಾದವರು ಇವರೇ. ಇವರ ಚರಿತ್ರೆಯನ್ನು ಈ ತಿಂಗಳು ಬರೆಯುವದಕ್ಕೆ ನಮಗೊಂದು ಕಾರಣವುಂಟು. ಅದನ್ನು ಮುಂದೆ ತಿಳಿಸುವೆವು.

ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಸ್ತ್ರೀಯರಿಗೆ ವಿದ್ಯೆ ಕೂಡದೆಂದು ಜನರೆಲ್ಲರೂ ಹೇಳುತ್ತಿದ್ದ ಆ ಕಾಲದಲ್ಲಿ ಇವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಅದಕ್ಕಾಗಿ ಊರವರ ನಿಂದೆಗೆ ಗುರಿಯಾಗಿ ಕಾಡನ್ನು ಸೇರಿ ಮನೆ ಕಟ್ಟಿಕೊಂಡರು. ಮಗಳು ಹುಟ್ಟಿ ಆರು ತಿಂಗಳಾಗುವಷ್ಟರಲ್ಲಿ ಆ ಮನೆಯನ್ನೂ ಬಿಡಬೇಕಾಯಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟವಿಳಿದರಂತೆ. ಅಂದಿನಿಂದ ಆ ಕುಟುಂಬಕ್ಕೆ ಊರೂರು ತಿರುಗುವದೇ ಬಾಳಾಯಿತು. ತಾಯಿಯೇ ಮಗಳಿಗೆ ಗುರು. ಹುಡುಗಿಯು ಭಾಗವತದ 18,000 ಶ್ಲೋಕಗಳನ್ನು ಬಾಯಿಪಾಠ ಮಾಡಿದಳು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಸ್ವಲ್ಪ ಕಾಲದೊಳಗೆ ತೀರಿಹೋದರು. ಉಳಿದವರು ರಮಾಬಾಯಿಯೂ ಅಣ್ಣನಾದ ಶ್ರೀನಿವಾಸನೂ ಮಾತ್ರ. ಇವರಿಬ್ಬರೂ ಸಾವಿರಾರು ಮೈಲಿ ಕಾಲುನಡೆಯಾಗಿ ಹೋದರು. ಚಳಿ ತಡೆಯಲಾರದೆ ಹೊಳೆಯ ದಡದಲ್ಲಿ ಗುಂಡಿ ತೋಡಿ ಮೈಮೇಲೆ ಮರಳು ಎಳೆದುಕೊಂಡು ಮಲಗಿದ್ದೂ ಉಂಟು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಇವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಬಿಪಿನ್ ಬಿಹಾರಿ ದಾಸ ಎಂಬ ವಕೀಲರನ್ನು ಮದುವೆಯಾದರು. ಜಾತಿಯೂ ಭಾಷೆಯೂ ಬೇರೆ. ಆದರೂ ಆ ಮನೆಯಲ್ಲಿ ಪ್ರೀತಿಯೂ ಮರ್ಯಾದೆಯೂ ಇದ್ದವು. ಎರಡು ವರುಷ ತುಂಬುವದರೊಳಗೆ ಗಂಡನೂ ತೀರಿಕೊಂಡರು. ಇಪ್ಪತ್ಮೂರು ವರುಷದ ವಿಧವೆ, ಕೈಯಲ್ಲಿ ಮನೋರಮಾ ಎಂಬ ಹಸುಗೂಸು.

ತಮ್ಮ ಗಂಡನಿಂದ ಕಷ್ಟಪಡದೆ ಇದ್ದ ಈ ತಾಯಿಯು ಇತರರ ಕಷ್ಟಕ್ಕೆ ಕಣ್ಣು ಮುಚ್ಚಿಕೊಳ್ಳಲಿಲ್ಲ. ಇದನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ಚಿಕ್ಕಂದಿನಲ್ಲಿ ಅವರಿಗೆ ನೆರೆಮನೆಯ ಗೆಳತಿಯೊಬ್ಬಳಿದ್ದಳು. ಹದಿನಾರು ವರುಷದ ಸೊಸೆ, ನೂಲುವದರಲ್ಲಿ ಜಾಣೆ. ಒಂದು ದಿವಸ ಇಬ್ಬರೂ ಕುಳಿತು ನೂಲುತ್ತಿರುವಾಗ ಕೋತಿಯೊಂದು ಬಂದು ಅರಳೆಯನ್ನು ಕದ್ದುಕೊಂಡು ಹೋಯಿತು. ಇಷ್ಟೇ ತಪ್ಪು! ಅತ್ತೆಯು ಮಗನನ್ನು ಕೂಗಿ ಹೇಳಿದಳು, ಮಗನು ಬಂದು ಹೆಂಡತಿಯನ್ನು ಕ್ರೂರವಾಗಿ ಹೊಡೆದನು. ರಮಾಬಾಯಿಯವರು ಅದನ್ನು ಮರೆಯಲಿಲ್ಲ. ಎಷ್ಟೋ ವರುಷಗಳ ಮೇಲೆ ಅಮೇರಿಕದಲ್ಲಿದ್ದುಕೊಂಡು ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗ ಆ ಗೆಳತಿಯ ಸಂಗತಿಯನ್ನು ಅದರಲ್ಲಿ ಸೇರಿಸಿದರು. ಅದೇ 1887ರಲ್ಲಿ ಮುಂಬಯಿಯ ನ್ಯಾಯಸ್ಥಾನವು, ಬಾಲ್ಯದಲ್ಲಿ ಮದುವೆಯಾಗಿದ್ದ ರಖ್ಮಾಬಾಯಿ ಎಂಬವರಿಗೆ, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂದು ತೀರ್ಪು ಮಾಡಿತು. ಹೆಂಗಸಿಗೆ ಹೋಗಲು ಮೂರನೆಯ ಮನೆಯೊಂದಿಲ್ಲದೆ ಇರುವದೇ ಎಲ್ಲಾ ಕೇಡಿಗೆ ಬೇರು ಎಂಬುದನ್ನು ರಮಾಬಾಯಿಯವರು ಆಗಲೇ ಕಂಡುಕೊಂಡಿದ್ದರು.

ಈಗ ನಮ್ಮ ಕಾರಣವನ್ನು ಹೇಳುವೆವು. ಹೊಡೆತವು ಅನ್ಯರ ಮನೆಯ ರೋಗವೆಂದು ನಾವು ತಿಳಿದುಕೊಳ್ಳಬಾರದು. ಭಾನುವಾರ ದೇವಾಲಯದಲ್ಲಿ ಗಟ್ಟಿಯಾಗಿ ಹಾಡಿ, ಅದೇ ರಾತ್ರಿ ಹೆಂಡತಿಯ ಮೇಲೆ ಕೈಯೆತ್ತುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಹೆಂಗಸು ಅಳುತ್ತಾ ಬಂದರೆ ಹಿರಿಯರು ಏನು ಮಾಡುತ್ತಾರೆ? ಪ್ರಾರ್ಥನೆ ಮಾಡಿ, ತಾಳಿಕೊಂಡು ಹೋಗಮ್ಮ ಎಂದು ಹೇಳಿ ಅದೇ ಮನೆಯ ಬಾಗಿಲಿಗೆ ಬಿಟ್ಟು ಬರುತ್ತಾರೆ. ತವರಿನವರೂ ಮಾನ ಹೋದೀತೆಂದು ಸುಮ್ಮನಿರುತ್ತಾರೆ. ಪ್ರಾರ್ಥನೆಯು ಬೇಡವೆಂದು ನಾವು ಹೇಳುವದಿಲ್ಲ. ರಮಾಬಾಯಿಯವರಷ್ಟು ಪ್ರಾರ್ಥನೆ ಮಾಡಿದವರು ವಿರಳ. ಆದರೆ ಅವರು ಪ್ರಾರ್ಥನೆ ಮುಗಿಸಿ ಎದ್ದು ಮನೆ ಕಟ್ಟಿಸಿದರು.

ಆ ಮನೆಯ ಆಲೋಚನೆಯು ಬಲಗೊಂಡ ಬಗೆಯನ್ನು ಹೇಳಬೇಕು. 1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಕ್ರೈಸ್ತ ಸಹೋದರಿಯರ ಬಳಿ ಇದ್ದರು. ಆ ಸಹೋದರಿಯರು ಲಂಡನ್ನಿನ ಫುಲಮ್ ಎಂಬಲ್ಲಿ, ಎಲ್ಲರೂ ತಳ್ಳಿಬಿಟ್ಟ ಹೆಂಗಸರಿಗಾಗಿ ಒಂದು ಆಶ್ರಯವನ್ನು ನಡಿಸುತ್ತಿದ್ದರು. ಅಲ್ಲಿ ಅವರನ್ನು ಹೀನೈಸದೆ ಪ್ರೀತಿಯಿಂದ ಉಪಚರಿಸುವದನ್ನು ಕಂಡು ರಮಾಬಾಯಿಯವರ ಹೃದಯವು ಕರಗಿತು. ಇದಕ್ಕೆ ಕಾರಣವೇನೆಂದು ವಿಚಾರಿಸಿದಾಗ ಸಹೋದರಿಯೊಬ್ಬರು ಕರ್ತನು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ವೃತ್ತಾಂತವನ್ನು ಓದಿ ತಿಳಿಸಿದರು. ಅದೇ ವರುಷ ಸೆಪ್ಟೆಂಬರ್ 29ರಂದು ಅವರು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು.

1886ರಲ್ಲಿ ಅಮೇರಿಕಕ್ಕೆ ಹೋಗಿ, ಊರೂರಿನಲ್ಲಿ ಉಪನ್ಯಾಸ ಮಾಡಿ ಹಣ ಕೂಡಿಸಿದರು. 1889ನೆಯ ಮಾರ್ಚಿ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರುಷ ಪುಣೆಗೆ ಹೋಯಿತು. ಅಲ್ಲಿ ವಿಧವೆಯರಿಗೆ ಊಟ ಬಟ್ಟೆಯೊಡನೆ ಓದು ಬರಹವೂ ಸಿಕ್ಕಿತು. 1893ರಲ್ಲಿ, ಹುಡುಗಿಯರನ್ನು ಮತಾಂತರಿಸುತ್ತಾರೆಂಬ ಕೂಗೆದ್ದು ಅನೇಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಸಲಹಾ ಮಂಡಲಿಯವರು ಕೈಬಿಟ್ಟರು. ರಮಾಬಾಯಿಯವರು ಬಾಗಿಲು ಮುಚ್ಚಲಿಲ್ಲ.

ಪುಣೆಗೆ ಸುಮಾರು 34 ಮೈಲಿ ದೂರದ ಕೇಡಗಾಂವಿನಲ್ಲಿ ಜಮೀನು ಕೊಂಡಿದ್ದರು. 1896ರ ಬರಗಾಲದಲ್ಲಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರತಂದರು. ತಾವು ಹಸಿದು ತಿರುಗಿದ್ದನ್ನು ಅವರು ಮರೆತಿದ್ದಿಲ್ಲ. 1900ರ ಗುಜರಾತಿನ ಬರಗಾಲವಾದ ಮೇಲೆ ಮುಕ್ತಿ ಎಂಬ ಆ ಆಶ್ರಮದಲ್ಲಿ ಸುಮಾರು 2,000 ಜನರು ಸೇರಿದರು. ಮೋಸಹೋದ ಹೆಂಗಸರಿಗೆ ಕೃಪಾ ಸದನವೆಂಬ ಬೇರೆ ಮನೆ. ಕುರುಡಿಯರಿಗೂ ಮುಟ್ಟಿ ಓದುವ ಅಕ್ಷರವನ್ನು ಕಲಿಸಿದರು. ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವದು, ಬೇಸಾಯ, ಅಚ್ಚುಕೂಟದ ಕೆಲಸ ಇವೆಲ್ಲವನ್ನೂ ಹೆಂಗಸರೇ ಮಾಡಿದರು. ಬರಿಯ ಅನ್ನ ಹಾಕಿದರೆ ಸಾಲದು, ಕೈಗೆ ಕೆಲಸ ಬಂದವಳು ಯಾರ ಒದೆಯನ್ನೂ ತಿನ್ನಬೇಕಾಗಿಲ್ಲವೆಂಬುದು ಅವರ ನಂಬಿಕೆ. 1912ರಲ್ಲಿ ನಮ್ಮ ಕನ್ನಡ ಸೀಮೆಯ ಗುಲ್ಬರ್ಗದಲ್ಲಿಯೂ ಒಂದು ಕ್ರೈಸ್ತ ಪಾಠಶಾಲೆಯನ್ನು ಸ್ಥಾಪಿಸಿದರು.

ಆ ಕಾಲದಲ್ಲಿ ರಮಾಬಾಯಿಯವರ ಬೆನ್ನಿಗೆ ಕಾಯಿದೆ ಇರಲಿಲ್ಲ; ನಮಗೆ ಇದೆ. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ 2005ರ ಕಾಯಿದೆಯು 2006ನೆಯ ಅಕ್ಟೋಬರ್ 26ರಿಂದ ನಡೆಯುತ್ತಿದೆ. ಹೊಡೆತ ಮಾತ್ರವಲ್ಲ, ಹೀನವಾದ ಬೈಗಳೂ, ಖರ್ಚಿಗೆ ಕೊಡದೆ ಕಾಡುವದೂ ಅದರಲ್ಲಿ ಹಿಂಸೆಯೇ. ಗಂಡನ ಮನೆಯಲ್ಲಿ ಇರುವ ಹಕ್ಕು ಹೆಂಡತಿಗುಂಟು, ಆಕೆಯನ್ನು ಬೀದಿಗೆ ತಳ್ಳಕೂಡದು. ಸಭೆಯ ಹಿರಿಯರು ಇದನ್ನು ಗಮನಿಸಲಿ: ಹೆಂಗಸೇ ಹೋಗಬೇಕೆಂದಿಲ್ಲ, ಸಂಗತಿ ತಿಳಿದವರು ಯಾರಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವದಿಂದ ತಿಳಿಸಿದವರ ಮೇಲೆ ದಾವೆ ಬರುವದಿಲ್ಲ. ದಾರಿ ತಿಳಿಯದವರು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು; ಊರಿನ ಅಂಗನವಾಡಿಯ ಅಕ್ಕನನ್ನು ಕೇಳಿದರೂ ಆದೀತು. 181 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸ್ತ್ರೀಯರ ಸಹಾಯವಾಣಿ. ಪ್ರಾಣಭಯವಿದ್ದರೆ 112ಕ್ಕೆ ಮಾಡಿದರೆ ಪೋಲೀಸರು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆದರಬೇಕಾಗಿಲ್ಲ, ಕಾನೂನು ಸೇವಾ ಸಮಿತಿಯವರು ಸ್ತ್ರೀಯರಿಗೆ ಧರ್ಮಾರ್ಥವಾಗಿ ವಕೀಲರನ್ನು ಕೊಡುತ್ತಾರೆ. ಆದರೂ ನಡುರಾತ್ರಿ ಮಕ್ಕಳನ್ನು ಎತ್ತಿಕೊಂಡು ಓಡಿಬಂದವಳಿಗೆ ಹೊಳಲ್ಕೆರೆಯ ಹಳ್ಳಿಯಲ್ಲಿ ಮೊದಲು ಸಿಕ್ಕಬೇಕಾದದ್ದು ನೆರೆಯವರ ತೆರೆದ ಬಾಗಿಲು. ಆ ಬಾಗಿಲು ಉಪದೇಶಿಯ ಮನೆಯದಾಗಿದ್ದರೆ ಇನ್ನೂ ಒಳ್ಳೆಯದು.

ರಮಾಬಾಯಿಯವರ ಕಡೆಯ ವರುಷಗಳು ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸುವದರಲ್ಲಿ ಕಳೆದವು. ಓದು ಕಡಿಮೆಯಿರುವ ಹೆಂಗಸರಿಗೂ ತಿಳಿಯಬೇಕೆಂಬುದೇ ಅವರ ಆಶೆ. ಕಿವಿ ಮಂದವಾಗಿತ್ತು, ದೇಹವು ಕುಗ್ಗಿತ್ತು. 1921ರ ಜುಲೈಯಲ್ಲಿ, ಆಶ್ರಮದ ಭಾರವನ್ನು ಹೊರಬೇಕಾಗಿದ್ದ ಮಗಳು ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡಳು. ತಾಯಿಯು ಆ ದುಃಖದಲ್ಲಿಯೂ ಕೆಲಸವನ್ನು ಬಿಡಲಿಲ್ಲ. 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಕೇಡಗಾಂವಿನ ಆ ಆಶ್ರಮವು ಈಗಲೂ ನಡೆಯುತ್ತಿದೆ. ದಿಕ್ಕಿಲ್ಲದ ಹೆಂಗಸರೂ ಮಕ್ಕಳೂ ಈಗಲೂ ಅಲ್ಲಿ ಆಶ್ರಯ ಪಡೆಯುತ್ತಾರೆ.