ನಕ್ಷೆಯಿಂದ ಹುಟ್ಟಿದ ಕಥೆ

ಸ್ಕಾಟ್ಲೆಂಡಿನ ಕಡಲತೀರವು ನಾವಿಕರ ಪಾಲಿಗೆ ಬಹು ಅಪಾಯಕರವಾದುದು. ಉಬ್ಬರದ ವೇಳೆಯಲ್ಲಿ ನೀರಿನೊಳಗೆ ಅಡಗಿದ್ದು, ಇಳಿತದ ವೇಳೆಯಲ್ಲಿ ಮಾತ್ರ ತಲೆದೋರುವ ಬಂಡೆಗಳು ಅಲ್ಲಿವೆ. ಅಂತಹ ಒಂದು ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಿಸಿ, 1811ರಲ್ಲಿ ಅದರ ದೀಪವನ್ನು ಬೆಳಗಿಸಿದವನು ರಾಬರ್ಟ್ ಸ್ಟೀವನ್‌ಸನ್ ಎಂಬ ಎಂಜಿನಿಯರು. ಅವನ ಮಕ್ಕಳಲ್ಲಿ ಮೂವರು ಅದೇ ವೃತ್ತಿಯನ್ನು ಹಿಡಿದರು. ಅವರಲ್ಲಿ ಕಿರಿಯವನು ಥಾಮಸ್. ಹವಾಮಾನ ವೀಕ್ಷಣಾಲಯದ ಅಂಗಳದಲ್ಲಿ ಉಷ್ಣತಾಮಾಪಕಗಳನ್ನು ಇರಿಸುವ, ನಾಲ್ಕು ಕಾಲುಗಳ ಬಿಳಿಯ ಪೆಟ್ಟಿಗೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಮ್ಮ ದೇಶದಲ್ಲಿಯೂ ಬಳಕೆಯಲ್ಲಿರುವ ಆ ಪೆಟ್ಟಿಗೆಯನ್ನು ರೂಪಿಸಿದವನು ಇದೇ ಥಾಮಸ್ ಸ್ಟೀವನ್‌ಸನ್. ಅವನ ಒಬ್ಬನೇ ಮಗನು ಕಲ್ಲಿನ ದೀಪಸ್ತಂಭಗಳನ್ನು ಕಟ್ಟಲಿಲ್ಲ, ಕಥೆಗಳನ್ನು ಕಟ್ಟಿದನು. ಆತನೇ ರಾಬರ್ಟ್ ಲೂಯಿ ಸ್ಟೀವನ್‌ಸನ್.

ಲೂಯಿ 1850ರ ನವೆಂಬರ್ 13ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದನು. ಚಿಕ್ಕಂದಿನಿಂದಲೂ ಅವನ ದೇಹ ದುರ್ಬಲ. ಚಳಿಗಾಲ ಬಂದಿತೆಂದರೆ ಕೆಮ್ಮು, ಜ್ವರ, ಹಾಸಿಗೆ. ಅಲಿಸನ್ ಕನ್ನಿಂಗ್‌ಹ್ಯಾಮ್ ಎಂಬ ದಾದಿಯು ನಿದ್ದೆಗೆಟ್ಟು ಅವನನ್ನು ನೋಡಿಕೊಂಡಳು. ಧರ್ಮವೀರರ ಕಥೆಗಳನ್ನು ಹೇಳಿದಳು. ಕೆಲವು ರಾತ್ರಿಗಳಲ್ಲಿ ಹುಡುಗನು ದುಃಸ್ವಪ್ನಗಳಿಂದ ಬೆಚ್ಚಿ ಅಳುತ್ತಿದ್ದನು. ಆಗ ಗಂಭೀರ ಸ್ವಭಾವದ ತಂದೆಯು ಬಾಗಿಲ ಬಳಿ ಬಂದು, ಸಾರೋಟಿನ ಕಾವಲುಗಾರನೊಡನೆಯೋ ಛತ್ರದ ಯಜಮಾನನೊಡನೆಯೋ ತಾನು ಮಾತನಾಡುತ್ತಿರುವಂತೆ ನಟಿಸಿ, ಎರಡೂ ಪಾತ್ರಗಳನ್ನು ತಾನೇ ವಹಿಸಿ, ಮಗನು ಶಾಂತನಾಗುವವರೆಗೂ ಸಂಭಾಷಣೆಯನ್ನು ಬೆಳೆಸುತ್ತಿದ್ದನು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಶಾಲೆಗೆ ಕ್ರಮವಾಗಿ ಹೋಗಲಾರದ ಹುಡುಗನಿಗೆ ಆಟವೇ ಪಾಠವಾಯಿತು. ಬರೆಯಲು ಇನ್ನೂ ಸರಿಯಾಗಿ ಬಾರದ ಆರನೆಯ ವಯಸ್ಸಿನಲ್ಲಿಯೇ ಮೋಸೆಸನ ಚರಿತ್ರೆಯನ್ನು ತಾಯಿಗೆ ಹೇಳಿ ಬರೆಯಿಸಿದನು. ದೊಡ್ಡಪ್ಪನ ಮಗ ಬಾಬ್ ಮನೆಗೆ ಬಂದು ಉಳಿದಾಗ ಇಬ್ಬರೂ ಒಂದೊಂದು ಕಾಲ್ಪನಿಕ ರಾಜ್ಯವನ್ನು ಸ್ಥಾಪಿಸಿಕೊಂಡು, ಅವುಗಳ ನಕ್ಷೆಗಳನ್ನು ಬರೆದು, ಯುದ್ಧ ಸಂಧಿಗಳನ್ನು ನಡೆಸಿದರು. ಬೆಳಗಿನ ಗಂಜಿಯೂ ಆಟದಿಂದ ತಪ್ಪಿಸಿಕೊಳ್ಳಲಿಲ್ಲ. ಬಾಬ್ ಗಂಜಿಗೆ ಸಕ್ಕರೆ ಉದುರಿಸಿದರೆ ಅದು ಹಿಮದಲ್ಲಿ ಹೂತುಹೋಗುವ ದೇಶ; ಲೂಯಿ ಹಾಲು ಸುರಿದುಕೊಂಡರೆ ಅದು ಪ್ರವಾಹದಲ್ಲಿ ಮುಳುಗುತ್ತಿರುವ ದೇಶ. ಆ ಕಾಲದಲ್ಲಿ ಅಂಗಡಿಗಳಲ್ಲಿ ಕಾಗದದ ಆಟಿಕೆ ರಂಗಮಂದಿರಗಳು ದೊರೆಯುತ್ತಿದ್ದವು. ಪಾತ್ರಗಳ ಚಿತ್ರವಿದ್ದ ಹಾಳೆಗೆ ಬಣ್ಣವಿಲ್ಲದಿದ್ದರೆ ಒಂದು ಪೆನ್ನಿ, ಬಣ್ಣವಿದ್ದರೆ ಎರಡು ಪೆನ್ನಿ. ಲೂಯಿ ಬಣ್ಣವಿಲ್ಲದ ಹಾಳೆಗಳನ್ನೇ ಆರಿಸುತ್ತಿದ್ದನು. ತನ್ನ ಕೈಯಿಂದ ಬಣ್ಣ ತುಂಬದಿದ್ದರೆ ಅವನಿಗೆ ಅದರಲ್ಲಿ ಸುಖವಿರಲಿಲ್ಲ.

ವಂಶದ ವೃತ್ತಿಯನ್ನು ಮಗನು ಮುಂದುವರಿಸಬೇಕೆಂಬುದು ತಂದೆಯ ಹಂಬಲ. ಲೂಯಿ 1867ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿ ಎಂಜಿನಿಯರಿಂಗ್ ಅಭ್ಯಾಸವನ್ನು ಆರಂಭಿಸಿದನು. ದೀಪಸ್ತಂಭಗಳ ಬೆಳಕಿನ ಬಗ್ಗೆ ಪ್ರಬಂಧವನ್ನು ಬರೆದು ಬೆಳ್ಳಿಯ ಪದಕವನ್ನೂ ಪಡೆದನು. ಆದರೆ ಅದೇ 1871ರಲ್ಲಿ ತನಗೆ ಈ ವೃತ್ತಿ ಬೇಡ, ಬರವಣಿಗೆಯೇ ಬೇಕು ಎಂದು ತಂದೆಗೆ ತಿಳಿಸಿದನು. ತಂದೆಯು ನೊಂದುಕೊಂಡು, ಜೀವನೋಪಾಯಕ್ಕಾಗಿ ಕಾನೂನನ್ನಾದರೂ ಓದಬೇಕೆಂದು ಒಪ್ಪಿಸಿದನು. 1875ರಲ್ಲಿ ಮಗನು ವಕೀಲನಾದನು. ವಕೀಲಿಯನ್ನು ಮಾತ್ರ ನಡೆಸಲಿಲ್ಲವೆಂದೇ ಹೇಳಬಹುದು. ಇದಕ್ಕಿಂತಲೂ ಆಳವಾದ ಗಾಯವು 1873ರಲ್ಲಿ ಆಗಿತ್ತು. ಮತಶ್ರದ್ಧೆಯ ವಿಷಯದಲ್ಲಿ ತನ್ನ ಮನಸ್ಸಿನಲ್ಲಿದ್ದ ಸಂದೇಹಗಳನ್ನು ಲೂಯಿ ಮರೆಮಾಚದೆ ಹೇಳಿದಾಗ, ದೈವಭಕ್ತನಾದ ತಂದೆಯು ತನ್ನ ಬಾಳೇ ವ್ಯರ್ಥವಾಯಿತೆಂದು ಕುಗ್ಗಿಹೋಗಿದ್ದನು. ಒಬ್ಬರನ್ನೊಬ್ಬರು ಬಹುವಾಗಿ ಪ್ರೀತಿಸುತ್ತಿದ್ದ ತಂದೆಮಕ್ಕಳ ನಡುವೆ ಮಾತು ಕಷ್ಟವಾಯಿತು.

ಫ್ರಾನ್ಸಿನಲ್ಲಿ ಸಂಚರಿಸುತ್ತಿದ್ದಾಗ ಸ್ಟೀವನ್‌ಸನ್ನನಿಗೆ ಫ್ಯಾನಿ ಆಸ್‌ಬೋರ್ನ್ ಎಂಬ ಅಮೆರಿಕದ ಮಹಿಳೆಯ ಪರಿಚಯವಾಯಿತು. 1879ರಲ್ಲಿ ಮನೆಯವರಿಗೆ ತಿಳಿಸದೆ ಅವನು ಅಮೆರಿಕಕ್ಕೆ ಹೊರಟನು; ಅಲ್ಲಿ ಬಡತನದಿಂದಲೂ ಕಾಯಿಲೆಯಿಂದಲೂ ಸಾವಿನ ಅಂಚಿಗೆ ಹೋದನು. ಸುದ್ದಿ ತಿಳಿದ ತಂದೆಯು ವರ್ಷಕ್ಕೆ 250 ಪೌಂಡು ಕೊಡುವುದಾಗಿ ತಂತಿ ಕಳುಹಿಸಿದನು. 1880ರ ಮೇ ತಿಂಗಳಿನಲ್ಲಿ ವಿವಾಹವಾಯಿತು. ಫ್ಯಾನಿಗೆ ಮೊದಲ ವಿವಾಹದಿಂದ ಲಾಯ್ಡ್ ಎಂಬ ಮಗನಿದ್ದನು. ಸ್ಟೀವನ್‌ಸನ್ ಅವನನ್ನು ಗೆಳೆಯನಂತೆ ಕಂಡನು.

1881ರ ಬೇಸಿಗೆಯಲ್ಲಿ ಈ ಕುಟುಂಬವು ಮುದುಕ ತಂದೆತಾಯಿಗಳೊಂದಿಗೆ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿಯಿತು. ಬೇಸಿಗೆಯೆಂಬುದು ಹೆಸರಿಗೆ ಮಾತ್ರ; ಮಳೆ ಬಿಡಲಿಲ್ಲ, ಚಳಿಗಾಳಿ ನಿಲ್ಲಲಿಲ್ಲ. ಹದಿಮೂರು ವರ್ಷದ ಲಾಯ್ಡ್ ಬಣ್ಣದ ಪೆಟ್ಟಿಗೆಯನ್ನು ಹಿಡಿದು ಕುಳಿತನು. ಸ್ಟೀವನ್‌ಸನ್ನನೂ ಅವನ ಪಕ್ಕದಲ್ಲಿ ಕುಳಿತನು. ಆಗ ಕಾಗದದ ಮೇಲೆ ಒಂದು ದ್ವೀಪದ ನಕ್ಷೆ ಮೂಡಿತು. ಅದನ್ನು ಮೊದಲು ಬರೆದವನು ತಾನೇ ಎಂದು ಸ್ಟೀವನ್‌ಸನ್ ನೆನೆದಿದ್ದಾನೆ. ಆರಂಭಿಸಿದವನು ತಾನು, ಮಲತಂದೆ ಬಂದು ಅದನ್ನು ಬೆಳೆಸಿದನು ಎಂದು ಲಾಯ್ಡ್ ನೆನೆದಿದ್ದಾನೆ. ಇಬ್ಬರ ಕೈಯೂ ಅದರಲ್ಲಿತ್ತೆಂದು ನಾವು ತಿಳಿದರೆ ತಪ್ಪಾಗಲಾರದು. ಕೊಲ್ಲಿಗಳು, ಬೆಟ್ಟಗಳು, ನಿಧಿಯಿರುವ ತಾಣಗಳು ಒಂದೊಂದಾಗಿ ಕಾಣಿಸಿಕೊಂಡವು. ನಕ್ಷೆಯ ಕಾಡುಗಳ ನಡುವಿನಿಂದ ಕಡಲ್ಗಳ್ಳರು ಇಣುಕಿದರು. ಸ್ಟೀವನ್‌ಸನ್ ಕೂಡಲೇ ಅಧ್ಯಾಯಗಳ ಪಟ್ಟಿಯನ್ನು ಬರೆಯತೊಡಗಿದನು. ಮುಂದೆ ‘ಟ್ರೆಷರ್ ಐಲೆಂಡ್’ ಎಂದು ಪ್ರಸಿದ್ಧವಾದ, ನಿಧಿಯ ದ್ವೀಪದ ಕಾದಂಬರಿಯು ಹುಟ್ಟಿದುದು ಹೀಗೆ.

ಬೆಳಿಗ್ಗೆ ಒಂದು ಅಧ್ಯಾಯವನ್ನು ಬರೆಯುವುದು, ಮಧ್ಯಾಹ್ನದ ಊಟವಾದ ಮೇಲೆ ಮನೆಯವರಿಗೆಲ್ಲ ಅದನ್ನು ಓದಿ ಹೇಳುವುದು ನಿತ್ಯಕ್ರಮವಾಯಿತು. ಒಬ್ಬ ಹುಡುಗನಿಗಾಗಿ ಬರೆದ ಕಥೆಗೆ ಇಬ್ಬರು ಹುಡುಗರು ದೊರೆತರು. ಎರಡನೆಯವನು ಅರುವತ್ತು ದಾಟಿದ ಥಾಮಸ್ ಸ್ಟೀವನ್‌ಸನ್. ಜೀವನವಿಡೀ ಪ್ರತಿ ರಾತ್ರಿ ಹಡಗು, ಛತ್ರ, ಕಳ್ಳರು, ಮುದಿ ನಾವಿಕರ ಕಥೆಗಳನ್ನು ಕಲ್ಪಿಸಿಕೊಂಡೇ ನಿದ್ರಿಸುತ್ತಿದ್ದ ಆ ಎಂಜಿನಿಯರು ಮಗನ ಕಥೆಯಲ್ಲಿ ತನ್ನದೇ ಲೋಕವನ್ನು ಕಂಡನು. ಸತ್ತ ನಾವಿಕ ಬಿಲ್ಲಿ ಬೋನ್ಸನ ಪೆಟ್ಟಿಗೆಯನ್ನು ತೆರೆಯುವ ಪ್ರಸಂಗ ಬಂದಾಗ, ಅದರೊಳಗೆ ಏನೇನು ಇರಬೇಕೆಂಬ ಪಟ್ಟಿಯನ್ನು ದಿನದ ಬಹುಭಾಗ ಕುಳಿತು, ಕಾನೂನು ಪತ್ರದ ಲಕೋಟೆಯೊಂದರ ಹಿಂಬದಿಯಲ್ಲಿ ಸಿದ್ಧಪಡಿಸಿಕೊಟ್ಟನು. ಮಗನು ಅದನ್ನು ಹಾಗೆಯೇ ಬಳಸಿಕೊಂಡನು. ಕಡಲ್ಗಳ್ಳ ಫ್ಲಿಂಟನ ಹಡಗಿಗೆ ‘ವಾಲ್‌ರಸ್’ ಎಂಬ ಹೆಸರು ಬಂದುದೂ ತಂದೆಯ ಕೋರಿಕೆಯಿಂದಲೇ. ಮತದ ಮಾತಿನಲ್ಲಿ ಕೂಡದ ಮನಸ್ಸುಗಳು ಮುರುಕು ಪೆಟ್ಟಿಗೆಯೊಂದರ ಸುತ್ತ ಕೂಡಿದವು.

ಕಥೆಯ ಒಂಟಿಕಾಲಿನ ಜಾನ್ ಸಿಲ್ವರನಿಗೆ ಸ್ಟೀವನ್‌ಸನ್ನನ ಕವಿಮಿತ್ರ ಹೆನ್ಲಿಯೇ ಪ್ರೇರಣೆ. ಕಾಯಿಲೆಯಿಂದ ಒಂದು ಕಾಲನ್ನು ಕಳೆದುಕೊಂಡಿದ್ದ ಹೆನ್ಲಿಯ ಶಕ್ತಿ ಧೈರ್ಯಗಳನ್ನು ಉಳಿಸಿಕೊಂಡು, ಸದ್ಗುಣಗಳನ್ನು ಕಳಚಿ ಆ ಪಾತ್ರವನ್ನು ಅವನು ನಿರ್ಮಿಸಿದನು. ಹದಿನೈದು ದಿನಗಳಲ್ಲಿ ಹದಿನೈದು ಅಧ್ಯಾಯಗಳಾದವು. ಹದಿನಾರರಲ್ಲಿ ಲೇಖನಿ ನಿಂತಿತು. ಅಷ್ಟರಲ್ಲಿ ‘ಯಂಗ್ ಫೋಕ್ಸ್’ ಎಂಬ ಪತ್ರಿಕೆಯು ಕಥೆಯನ್ನು ಸ್ವೀಕರಿಸಿ, 1881ರ ಅಕ್ಟೋಬರಿನಿಂದ ಪ್ರಕಟಿಸತೊಡಗಿತ್ತು. ಸ್ವಿಟ್ಸರ್‌ಲೆಂಡಿನ ದಾವೋಸ್‌ಗೆ ಚಿಕಿತ್ಸೆಗಾಗಿ ಹೋದ ಮೇಲೆ ಕಥೆಯು ಮತ್ತೆ ಹರಿಯಿತು. ಕಾದಂಬರಿಯನ್ನು ಓದುವವರು ಒಂದು ಸಂಗತಿಯನ್ನು ಗಮನಿಸಬಹುದು: ಅದುವರೆಗೆ ಹುಡುಗ ಜಿಮ್ ಹೇಳುತ್ತಿದ್ದ ಕಥೆಯನ್ನು ಹದಿನಾರನೆಯ ಅಧ್ಯಾಯದಿಂದ ಮೂರು ಅಧ್ಯಾಯಗಳವರೆಗೆ ವೈದ್ಯ ಲಿವ್ಸೀ ಹೇಳುತ್ತಾನೆ.

ದಾವೋಸ್‌ನಲ್ಲಿ ಲಾಯ್ಡ್ ಪುಟ್ಟ ಆಟಿಕೆಯ ಮುದ್ರಣಯಂತ್ರವೊಂದರ ಒಡೆಯನಾಗಿದ್ದನು. ಸ್ಟೀವನ್‌ಸನ್ ಪದ್ಯಗಳನ್ನು ಬರೆದು, ಮರದ ಚೂರುಗಳಲ್ಲಿ ಚಿತ್ರಗಳನ್ನು ಕೊರೆದುಕೊಟ್ಟನು. ಹುಡುಗನು ಅವುಗಳನ್ನು ಮುದ್ರಿಸಿ ವಸತಿಗೃಹದ ಅತಿಥಿಗಳಿಗೆ ಮಾರಿದನು. ಅಟ್ಟದ ನೆಲದ ಮೇಲೆ ಸೀಮೆಸುಣ್ಣದಿಂದ ಬೆಟ್ಟ, ಹೊಳೆ, ಪಟ್ಟಣಗಳ ನಕ್ಷೆ ಬರೆದು, ಸೀಸದ ಸೈನಿಕರನ್ನು ನಿಲ್ಲಿಸಿ ಇಬ್ಬರೂ ವಾರಗಟ್ಟಲೆ ಯುದ್ಧ ನಡೆಸಿದರು. ಆ ಯುದ್ಧದ ವರದಿಗಳನ್ನು ಸ್ಟೀವನ್‌ಸನ್ ವೃತ್ತಪತ್ರಿಕೆಯ ಶೈಲಿಯಲ್ಲಿ ಬರೆಯುತ್ತಿದ್ದನು.

1883ರಲ್ಲಿ ಕಾದಂಬರಿಯನ್ನು ಪುಸ್ತಕವಾಗಿ ಹೊರತರಲು ಕ್ಯಾಸೆಲ್ ಪ್ರಕಾಶನದವರು 100 ಪೌಂಡು ಕೊಟ್ಟು ಒಪ್ಪಿಕೊಂಡರು. ಆದರೆ ಕಳುಹಿಸಿದ ನಕ್ಷೆಯು ಅವರ ಕೈಸೇರಲೇ ಇಲ್ಲ. ನಕ್ಷೆಯಿಂದ ಕಥೆ ಕಟ್ಟಿದವನು ಈಗ ಕಥೆಯಿಂದ ನಕ್ಷೆಯನ್ನು ಕಟ್ಟಬೇಕಾಯಿತು. ಪುಸ್ತಕವನ್ನು ಸಾಲುಸಾಲಾಗಿ ಓದಿ, ದಿಕ್ಕು ದೂರಗಳ ಉಲ್ಲೇಖಗಳನ್ನೆಲ್ಲ ಗುರುತಿಸಿಕೊಂಡು, ಕೈವಾರ ಹಿಡಿದು ಹೊಸ ನಕ್ಷೆಯನ್ನು ಹೊಂದಿಸಿದನು. ತಂದೆಯ ಕಚೇರಿಯಲ್ಲಿ ಅದು ಸಿದ್ಧವಾಯಿತು. ತಿಮಿಂಗಿಲಗಳೂ ಹಡಗುಗಳೂ ಅದನ್ನು ಅಲಂಕರಿಸಿದವು. ಬಗೆಬಗೆಯ ಕೈಬರಹಗಳಲ್ಲಿ ಬರೆಯಬಲ್ಲ ತಂದೆಯು ಫ್ಲಿಂಟನ ಸಹಿಯನ್ನು ತಾನೇ ಹಾಕಿದನು. ಆದರೂ ಸ್ಟೀವನ್‌ಸನ್ನನಿಗೆ ಆ ನಕ್ಷೆಯು ಎಂದಿಗೂ ತನ್ನ ದ್ವೀಪವಾಗಲಿಲ್ಲ. ಈ ಕಾದಂಬರಿಯನ್ನು ಪಾಠವಾಗಿ ಓದುವ ತರಗತಿಗಳಲ್ಲಿ ದ್ವೀಪದ ನಕ್ಷೆಯನ್ನು ಬರೆಯುವುದು, ಪೆಟ್ಟಿಗೆಯ ವಸ್ತುಗಳನ್ನು ಪಟ್ಟಿಮಾಡುವುದು, ಒಬ್ಬನು ಹೇಳಿದುದನ್ನು ಮತ್ತೊಬ್ಬನ ಬಾಯಿಂದ ಹೇಳಿಸುವುದು ಮೊದಲಾದ ಅಭ್ಯಾಸಗಳನ್ನು ಕೊಡುವುದುಂಟು. ಇವು ಪುಸ್ತಕಕ್ಕೆ ಹೊರಗಿನಿಂದ ಅಂಟಿಸಿದ ಆಟಗಳಲ್ಲ. ಅದನ್ನು ಬರೆದ ಮನೆಯಲ್ಲಿಯೇ ನಡೆದ ಕೆಲಸಗಳು.

ಪುಸ್ತಕದಿಂದ ಸ್ಟೀವನ್‌ಸನ್ನನ ಕೀರ್ತಿ ಹರಡಿತು. 1886ರಲ್ಲಿ ‘ಕಿಡ್‌ನ್ಯಾಪ್ಡ್’ ಮೊದಲಾದ ಕೃತಿಗಳು ಹೊರಬಂದವು. 1887ರ ಮೇ ತಿಂಗಳಿನಲ್ಲಿ ತಂದೆಯು ತೀರಿಕೊಂಡನು. ಅದೇ ವರ್ಷ ಸ್ಟೀವನ್‌ಸನ್ ಬ್ರಿಟನ್ನನ್ನು ಬಿಟ್ಟನು, ಮತ್ತೆ ಹಿಂದಿರುಗಲಿಲ್ಲ. ಆರೋಗ್ಯವನ್ನು ಅರಸಿ ಪೆಸಿಫಿಕ್ ಸಾಗರದಲ್ಲಿ ಸಂಚರಿಸಿ, ಸಮೋವಾ ದ್ವೀಪಸಮೂಹದ ಉಪೋಲು ಎಂಬ ದ್ವೀಪದಲ್ಲಿ 1890ರಲ್ಲಿ ನೆಲಸಿದನು. ಅಲ್ಲಿಯ ಜನ ಅವನನ್ನು ತುಸಿತಾಲಾ, ಅಂದರೆ ಕಥೆಗಾರ, ಎಂದು ಕರೆದರು. ವಿದೇಶಿ ಅಧಿಕಾರಿಗಳ ದಬ್ಬಾಳಿಕೆಯ ವಿರುದ್ಧ ಅವನು ಅವರ ಪರವಾಗಿ ಬರೆದನು. ಸೆರೆಯಲ್ಲಿದ್ದ ಅವರ ನಾಯಕರಿಗೆ ನೆರವಾದನು. ಬಿಡುಗಡೆಯಾದ ನಾಯಕರು 1894ರಲ್ಲಿ ಅವನ ಮನೆಗೆ ತಾವೇ ದುಡಿದು ಒಂದು ರಸ್ತೆಯನ್ನು ಮಾಡಿಕೊಟ್ಟರು. ಲಾಯ್ಡನ ಸೋದರಳಿಯ ಆಸ್ಟಿನ್ ಎಂಬ ಬಾಲಕನಿಗೆ ಆ ಮನೆಯಲ್ಲಿ ಸ್ಟೀವನ್‌ಸನ್ನನೇ ಇತಿಹಾಸವನ್ನು ಕಲಿಸುತ್ತಿದ್ದನು.

1894ರ ಡಿಸೆಂಬರ್ 3ರ ಸಂಜೆ, ಮಿದುಳಿನ ರಕ್ತಸ್ರಾವದಿಂದ ಅವನು ಕುಸಿದನು; ಅಂದೇ ಪ್ರಾಣಬಿಟ್ಟನು. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಸಮೀಪದ ವಯೇಯಾ ಬೆಟ್ಟದ ತುದಿಯಲ್ಲಿ ತನ್ನನ್ನು ಮಣ್ಣುಮಾಡಬೇಕೆಂಬುದು ಅವನ ಬಯಕೆಯಾಗಿತ್ತು. ಆದರೆ ಆ ತುದಿಗೆ ದಾರಿಯಿರಲಿಲ್ಲ. ಲಾಯ್ಡ್ ನಾಯಕರಿಗೆ ಹೇಳಿಕಳುಹಿಸಿದನು. ಸಮೋವಾದ ಜನ ಕೊಡಲಿ ಕತ್ತಿಗಳನ್ನು ಹಿಡಿದು ಬಂದು, ದಟ್ಟವಾದ ಕಾಡನ್ನು ಕಡಿದು, ಕಡಿದಾದ ಬೆಟ್ಟದ ಮೇಲಕ್ಕೆ ದಾರಿಯನ್ನು ಮಾಡಿದರು. ಮರುದಿನ ಮಧ್ಯಾಹ್ನ ಆ ಹೊಸ ದಾರಿಯಲ್ಲಿ ತುಸಿತಾಲಾನನ್ನು ಹೆಗಲ ಮೇಲೆ ಹೊತ್ತು, ಕಡಲು ಕಾಣುವ ಬೆಟ್ಟದ ತುದಿಗೆ ಒಯ್ದರು.