ದಂಡನಾಯಕ ಗಂಗರಾಜ

ಕೃಷ್ಣಾ ತುಂಗಭದ್ರೆಗಳ ನಡುವೆ ನೆಲೆಸಿರುವ ರಾಯಚೂರು, ದೇವದುರ್ಗ, ಮಾನ್ವಿಗಳ ಜನರಾದ ನಮಗೆ ಕೋಟೆ ಕಾಳಗಗಳ ಕಥೆ ಹೊಸದಲ್ಲ. 1520ರ ರಾಯಚೂರು ಯುದ್ಧವನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಜಿನಧರ್ಮವನ್ನು ಎದೆಯಲ್ಲಿಟ್ಟುಕೊಂಡು ಸೇನೆಯನ್ನು ನಡೆಸಿದ ಮಹಾಪುರುಷನೊಬ್ಬನನ್ನು ಈ ಪುಣ್ಯಸಂದರ್ಭದಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ. ಅವನೇ ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ, ದಂಡನಾಯಕ ಗಂಗರಾಜ.

ಇವನ ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಧರ್ಮಪತ್ನಿ ಲಕ್ಷ್ಮೀದೇವಿ, ಗುರುಗಳು ಶುಭಚಂದ್ರ ಸಿದ್ಧಾಂತದೇವರು. ದ್ರೋಹಘರಟ್ಟ, ಅಂದರೆ ದ್ರೋಹಿಗಳನ್ನು ಅರೆಯುವ ಬೀಸುವ ಕಲ್ಲು, ಎಂಬುದು ಇವನ ಬಿರುದು.

ಆಗ ತಲಕಾಡು ಚೋಳರ ವಶದಲ್ಲಿದ್ದಿತು. ಅಲ್ಲಿ ಚೋಳರ ಸಾಮಂತ ಆದಿಯಮನು ನೆಲೆಯೂರಿದ್ದನು. ನಾಡನ್ನು ಒಪ್ಪಿಸಲು ಅವನು ಒಪ್ಪದೆ, ಕಾದಿ ಗೆದ್ದುಕೊಳ್ಳಿರೆಂದು ಸವಾಲೆಸೆದನು. ಗಂಗರಾಜನು ಅವನನ್ನು ಸೋಲಿಸಿದನು. 1116ರ ಸುಮಾರಿಗೆ ತಲಕಾಡು ಹೊಯ್ಸಳರದಾಯಿತು. ಅರಸನಿಗೆ ತಲಕಾಡುಗೊಂಡನೆಂಬ ಬಿರುದು ಸಂದಿತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಕಣ್ಣೇಗಾಲದಲ್ಲಿ ಎದುರಾಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡು ಹನ್ನೆರಡು ಮಂದಿ ಸಾಮಂತರೊಡನೆ ಅಲ್ಲಿ ಬೀಡುಬಿಟ್ಟಿತ್ತು. ಅಂಥ ಬಲದೊಡನೆ ಹಗಲಿನಲ್ಲಿ ಬಯಲಿಗಿಳಿದು ಹೋರಾಡುವುದು ಜಾಣತನವಲ್ಲ. ಗಂಗರಾಜನು ಕುದುರೆ ಸವಾರರೊಡನೆ ಇರುಳಿನಲ್ಲಿ ಪಾಳೆಯದ ಮೇಲೆ ಎರಗಿ ಶತ್ರುಗಳನ್ನು ಚೆದುರಿಸಿದನು. ಸಂಖ್ಯಾಬಲಕ್ಕಿಂತ ಸಮಯಜ್ಞಾನ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕೈವಶವಾದ ಸಾಮಗ್ರಿಯನ್ನೂ ವಾಹನಗಳನ್ನೂ ಅವನು ತನ್ನ ಮನೆಗೆ ಸಾಗಿಸದೆ ಅರಸನಿಗೇ ಒಪ್ಪಿಸಿದನು. ವ್ಯಾಪಾರ ವೃತ್ತಿಯವರಾದ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಪರರ ಗಂಟನ್ನು ಕೈಯಲ್ಲಿ ಹಿಡಿದೂ ಲೆಕ್ಕ ತಪ್ಪದವನೇ ನಂಬಿಕೆಗೆ ಅರ್ಹನು.

ಅರಸನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ ಗಂಗರಾಜನು ಕೇಳಿದ್ದು ಪರಮ ಎಂಬ ಗ್ರಾಮವನ್ನು. ಅದನ್ನೂ ತಾಯಿ ಮತ್ತು ಪತ್ನಿ ಕಟ್ಟಿಸಿದ ಜಿನಾಲಯಗಳಿಗೆ 1118ರಲ್ಲಿ ದಾನವಾಗಿ ಬಿಟ್ಟನು. ಗೋವಿಂದವಾಡಿಯನ್ನು ಗೊಮ್ಮಟೇಶ್ವರನ ಪೂಜೆಗೆ ಅರ್ಪಿಸಿದನು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನೂ ಅವನೇ. ಗಂಗವಾಡಿಯಲ್ಲಿ ಹಾಳುಬಿದ್ದಿದ್ದ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದ ಕೀರ್ತಿಯನ್ನು ಶಾಸನಗಳು ಸಾರುತ್ತವೆ.

ಅಹಿಂಸೆಯೇ ಪರಮಧರ್ಮವಾಗಿರುವ ನಮ್ಮಲ್ಲಿ ಸೇನಾಪತಿಯಾಗುವುದು ಹೇಗೆಂದು ಯುವಕರು ಕೇಳುವುದುಂಟು. ಮುನಿಗಳಿಗೆ ಮಹಾವ್ರತ, ಶ್ರಾವಕರಿಗೆ ಅಣುವ್ರತ. ಸಂಕಲ್ಪಪೂರ್ವಕವಾಗಿ ಮಾಡುವ ಹಿಂಸೆ ಶ್ರಾವಕನಿಗೆ ಸರ್ವಥಾ ವರ್ಜ್ಯ; ಆದರೆ ನಾಡನ್ನೂ ಆಶ್ರಿತರನ್ನೂ ರಕ್ಷಿಸುವಾಗ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನು. ಅದೂ ಕರ್ಮಬಂಧಕ್ಕೆ ಹೊರತಲ್ಲ. ಆದುದರಿಂದಲೇ ವಿಜಯದಿಂದ ಅವನು ಅಹಂಕಾರವನ್ನಲ್ಲ, ದಾನವನ್ನು ಬೆಳೆಸಿಕೊಂಡನು.

ಸುಳ್ಳು ನುಡಿಯುವುದು, ರಣದಲ್ಲಿ ಅಂಜುವುದು, ಪರಸತಿಯನ್ನು ಬಯಸುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿ ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು, ನಂಬಿದವರನ್ನು ತೊರೆಯುವುದು, ಒಡೆಯನಿಗೆ ದ್ರೋಹವೆಸಗುವುದು, ಇವೇ ಏಳು ನರಕಗಳೆಂದು ಅವನು ಎಣಿಸಿದ್ದನೆಂದು ಶಾಸನದಿಂದ ತಿಳಿದುಬರುತ್ತದೆ. ಇವುಗಳಲ್ಲಿ ಭಯವನ್ನು ಕುರಿತದ್ದು ಒಂದೇ. ಉಳಿದವೆಲ್ಲ ನಡತೆಗೆ ಸಂಬಂಧಿಸಿದವು. ನಾಯಕತ್ವವು ಕತ್ತಿಗಿಂತ ಮೊದಲು ಶೀಲದಲ್ಲಿ ಇರುತ್ತದೆಯಲ್ಲವೇ? ವಿಷ್ಣುವರ್ಧನನು ಶ್ರೀವೈಷ್ಣವಕ್ಕೆ ಒಲಿದನೆಂಬ ಪ್ರತೀತಿ ಇದೆ. ಆದರೂ ಗಂಗರಾಜನ ಸ್ವಾಮಿನಿಷ್ಠೆಯಾಗಲಿ ಜಿನಭಕ್ತಿಯಾಗಲಿ ಕುಂದಲಿಲ್ಲ. ಅರಸನ ವಿಶ್ವಾಸವೂ ಕುಂದಲಿಲ್ಲ.

1133ರಲ್ಲಿ ಗಂಗರಾಜನು ಸ್ವರ್ಗಸ್ಥನಾದನು. ಅವನ ನೆನಪಿಗಾಗಿ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅದರ ಪ್ರತಿಷ್ಠೆಯ ಪ್ರಸಾದವು ಅರಸನನ್ನು ತಲುಪಿದ ವೇಳೆಗೆ ಯುದ್ಧದಲ್ಲಿ ಜಯವೂ ಪುತ್ರಜನನವೂ ಕೂಡಿಬಂದಿದ್ದವು. ಹರ್ಷಗೊಂಡ ಅರಸನು ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಇಂದಿಗೂ ಹಳೇಬೀಡಿಗೆ ಹೋದವರು ಆ ಬಸದಿಯ ನುಣುಪಾದ ಕಂಬಗಳನ್ನು ಕಾಣಬಹುದು.

ಅವನು ಗೆದ್ದ ರಾಜ್ಯ ಇಂದು ಉಳಿದಿಲ್ಲ. ಅವನು ಉದ್ಧರಿಸಿದ ಧರ್ಮಕಾರ್ಯ ಉಳಿದಿದೆ. ಬಸದಿಯನ್ನು ಕಟ್ಟುವಷ್ಟೇ ಪುಣ್ಯ ಹಳೆಯದನ್ನು ಕಾಪಾಡುವುದರಲ್ಲಿಯೂ ಇದೆಯೆಂಬುದನ್ನು ನಾವೆಲ್ಲರೂ ಮನಗಾಣೋಣ. ಜೈನಂ ಜಯತು ಶಾಸನಂ.