ಸತೀಶ್ ಧವನ್

ಸತೀಶ್ ಧವನ್ (ಸೆಪ್ಟೆಂಬರ್ ೨೫, ೧೯೨೦ – ಜನವರಿ ೩, ೨೦೦೨) ಭಾರತದ ಹೆಸರಾಂತ ವಿಮಾನ ವಿಜ್ಞಾನಿ. ದೇಶದ ಮೊದಲ ಕೃತಕ ಉಪಗ್ರಹ 'ಆರ್ಯಭಟ' ಕಕ್ಷೆ ಸೇರಿದಾಗ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಅಧ್ಯಕ್ಷರಾಗಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ಧವನ್ ಅವರು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಗಣಿತ-ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಗಳನ್ನು ಪಡೆದರು. ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಿಂದ ೧೯೫೧ರಲ್ಲಿ ಡಾಕ್ಟರೇಟ್ ಗಳಿಸಿದರು.

ಬೆಂಗಳೂರಿನಲ್ಲಿ ಸೇವೆ

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಅವರು, ೧೯೬೨ರಿಂದ ೧೯೮೧ರವರೆಗೆ ಅದರ ನಿರ್ದೇಶಕರಾಗಿದ್ದರು. ೧೯೭೧ರ ಡಿಸೆಂಬರ್‌ನಲ್ಲಿ ವಿಕ್ರಮ್ ಸಾರಾಭಾಯಿ ಹಠಾತ್ತನೆ ನಿಧನರಾದ ಬಳಿಕ, ಪ್ರಧಾನಿ ಇಂದಿರಾ ಗಾಂಧಿಯವರು ಬಾಹ್ಯಾಕಾಶ ಕಾರ್ಯಕ್ರಮದ ಹೊಣೆಯನ್ನು ಧವನ್ ಅವರಿಗೆ ವಹಿಸಲು ಬಯಸಿದರು. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬ ಎರಡು ಷರತ್ತುಗಳೊಂದಿಗೆ ಅವರು ೧೯೭೨ರಲ್ಲಿ ಒಪ್ಪಿದರು. ಬೆಂಗಳೂರು ದೇಶದ ಬಾಹ್ಯಾಕಾಶ ಚಟುವಟಿಕೆಯ ಕೇಂದ್ರವಾಗಲು ಇದೂ ಒಂದು ಮುಖ್ಯ ಕಾರಣ.

ಆರ್ಯಭಟ ಉಪಗ್ರಹ

ಉಪಗ್ರಹವನ್ನು ಭಾರತವು ನಿರ್ಮಿಸುವುದು, ಸೋವಿಯತ್ ಒಕ್ಕೂಟವು ತನ್ನ ರಾಕೆಟ್‌ನಲ್ಲಿ ಉಡಾಯಿಸುವುದು ಎಂದು ೧೯೭೨ರಲ್ಲಿ ಒಪ್ಪಂದವಾಗಿತ್ತು. ನಿರ್ಮಾಣದ ನೇತೃತ್ವವನ್ನು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ವಹಿಸಿದರು. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳೇ ಕಾರ್ಯಾಗಾರಗಳಾದವು. ದುಡಿದವರಲ್ಲಿ ಬಹುಪಾಲು ಮಂದಿ ಹಿಂದೆಂದೂ ಉಪಗ್ರಹ ನಿರ್ಮಿಸಿರದ ತರುಣರು.

ಇಪ್ಪತ್ತಾರು ಮುಖಗಳ, ಸುಮಾರು ೩೬೦ ಕಿಲೋಗ್ರಾಂ ತೂಕದ ಉಪಗ್ರಹಕ್ಕೆ ಪ್ರಾಚೀನ ಗಣಿತಜ್ಞ ಆರ್ಯಭಟನ ಹೆಸರನ್ನಿಡಲಾಯಿತು. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಕೇಂದ್ರದಿಂದ ಅದು ಕಕ್ಷೆ ಸೇರಿತು. ಕ್ಷ-ಕಿರಣ ಖಗೋಳ ವಿಜ್ಞಾನ, ಮೇಲ್ವಾತಾವರಣ ಮತ್ತು ಸೂರ್ಯನ ಅಧ್ಯಯನಕ್ಕಾಗಿ ಅದರಲ್ಲಿ ಉಪಕರಣಗಳಿದ್ದವು. ಆದರೆ ನಾಲ್ಕು ದಿನಗಳಲ್ಲಿ, ಸುಮಾರು ಅರವತ್ತು ಪ್ರದಕ್ಷಿಣೆಗಳ ನಂತರ, ವಿದ್ಯುತ್ ಪೂರೈಕೆಯ ದೋಷದಿಂದ ಈ ಪ್ರಯೋಗಗಳು ನಿಂತುಹೋದವು. ಆದರೂ ಉಪಗ್ರಹವನ್ನು ವಿನ್ಯಾಸಗೊಳಿಸಿ, ಕಟ್ಟಿ, ನಿಯಂತ್ರಿಸುವ ವಿದ್ಯೆ ದೇಶಕ್ಕೆ ದಕ್ಕಿತು. ಮುಂದಿನ ಭಾಸ್ಕರ ಮತ್ತು ಆಪಲ್ ಉಪಗ್ರಹಗಳಿಗೆ ಅದು ತಳಹದಿಯಾಯಿತು. ಆರ್ಯಭಟವು ೧೯೯೨ರಲ್ಲಿ ಭೂಮಿಯ ವಾತಾವರಣವನ್ನು ಮರುಪ್ರವೇಶಿಸಿತು.

ಸ್ವದೇಶಿ ಉಡಾವಣೆ

ಸ್ವದೇಶಿ ವಾಹಕ ಎಸ್‌ಎಲ್‌ವಿ-೩ರ ಮೊದಲ ಉಡಾವಣೆ ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟಾದಲ್ಲಿ ವಿಫಲವಾಯಿತು. ಯೋಜನಾ ನಿರ್ದೇಶಕ ಎ. ಪಿ. ಜೆ. ಅಬ್ದುಲ್ ಕಲಾಂ ಅವರನ್ನು ಮುಂದೆ ಮಾಡದೆ, ಧವನ್ ಅವರೇ ಪತ್ರಕರ್ತರೆದುರು ವೈಫಲ್ಯದ ಹೊಣೆ ಹೊತ್ತರು. ೧೯೮೦ರ ಜುಲೈ ೧೮ರಂದು ಅದೇ ವಾಹಕವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿ ನಡೆಸುವಂತೆ ಕಲಾಂ ಅವರಿಗೆ ತಿಳಿಸಿದರು. ಈ ಪ್ರಸಂಗವನ್ನು ಕಲಾಂ ಮುಂದೆ ಹಲವು ಬಾರಿ ಸ್ಮರಿಸಿದ್ದಾರೆ.

ಗೌರವ ಮತ್ತು ನಿಧನ

೧೯೮೧ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾದ ಧವನ್, ೧೯೮೪ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದರು. ೨೦೦೨ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ 'ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ' ಎಂದು ನಾಮಕರಣ ಮಾಡಲಾಯಿತು.